ಚೆಂಡೆಗೆ ಕತ್ತರಿ, ಡಿಜೆಗೆ ರಹದಾರಿ

ಬಾಡಿಗೆಗೆ ಸೌಂಡ್ ಕೊಡುವವರ ರ್‍ಯಾಕಿನಲ್ಲಿ ಬೆರಿಂಜರ್ ಡಿಸಿಎಕ್ಸ್ 2496 ಹಳೆಯ ಮುಖ. ಮೂರು ಇನ್‌ಪುಟ್, ಆರು ಔಟ್‌ಪುಟ್, ಕ್ರಾಸ್‌ಓವರ್, ಈಕ್ಯೂ, ಡಿಲೇ, ಜೊತೆಗೆ ಪ್ರತಿ ಔಟ್‌ಪುಟ್ಟಿಗೂ ಒಂದು ಲಿಮಿಟರ್. ಕ್ರಾಸ್‌ಓವರ್ ಆಗಿ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ‘ಲಿಮಿಟರ್ ಹಾಕಿದ್ದೇವೆ, ಇನ್ನು ಸ್ಪೀಕರ್ ಸುಡುವುದಿಲ್ಲ’ ಎಂದು ನೆಮ್ಮದಿಯಿಂದಿರುವವರ ಮಾತನ್ನು ನಾನು ಒಪ್ಪಲಾರೆ.

ಲೆಕ್ಕವೇನೋ ಸುಲಭ. 8 ಓಮ್, 500 ವ್ಯಾಟಿನ ವೂಫರ್ ಎಂದುಕೊಳ್ಳಿ. ಎರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 63 ವೋಲ್ಟ್. ಆಂಪ್ಲಿಫೈಯರಿನ ಗೇನ್ 32 ಡೆಸಿಬಲ್, ಅಂದರೆ 40 ಪಟ್ಟು. ಹಾಗಾಗಿ ಅದರೊಳಕ್ಕೆ 1.58 ವೋಲ್ಟ್ ಮೀರಿ ಹೋಗಕೂಡದು. 80 ವ್ಯಾಟಿನ ಕಂಪ್ರೆಷನ್ ಡ್ರೈವರಿಗಾದರೆ 0.63 ವೋಲ್ಟ್. ಸ್ಪೀಕರ್ ಕಳಚಿಟ್ಟು, ಸೈನ್ ಟೋನ್ ಬಿಟ್ಟು, ಆಂಪಿನ ಬಾಯಿಗೆ ಮಲ್ಟಿಮೀಟರ್ ಹಿಡಿದು ಥ್ರೆಶೋಲ್ಡ್ ಇಳಿಸುತ್ತ ಬರುವುದು ವಾಡಿಕೆ. 50 ಹರ್ಟ್ಸ್‌ನಲ್ಲಿ ಇದು ಸರಿ. 3 ಕಿಲೋಹರ್ಟ್ಸ್‌ಗೆ ಬಂದರೆ ಅಗ್ಗದ ಮೀಟರು ಬಾಯಿಗೆ ಬಂದದ್ದು ಹೇಳುತ್ತದೆ. ಬೇಗ ಸಾಯುವ ಡ್ರೈವರ್ ಇರುವುದೇ ಅಲ್ಲಿ. ಆಂಪಿನ ನಾಬ್ ಅರ್ಧದಲ್ಲಿಟ್ಟು ಅಳೆದವರ ಕಥೆ ಕೇಳುವುದೇ ಬೇಡ. ಕಾರ್ಯಕ್ರಮದ ದಿನ ಯಾರೋ ಅದನ್ನು ಪೂರ್ತಿ ತಿರುಗಿಸಿರುತ್ತಾರೆ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ಮೂಲ ಕೊರತೆ ಉಳಿಯುತ್ತದೆ. ಈ ಲಿಮಿಟರಿಗೆ ಇರುವುದು ಥ್ರೆಶೋಲ್ಡ್ ಮತ್ತು ರಿಲೀಸ್ ಎರಡೇ. ಅದು ನೋಡುವುದು ಕ್ಷಣದ ಏರನ್ನು, ಸುರುಳಿಯಲ್ಲಿ ಕೂಡುತ್ತಿರುವ ಕಾವನ್ನಲ್ಲ. ಯಕ್ಷಗಾನದ ಚೆಂಡೆಯ ಪೆಟ್ಟು ಕೆಲವು ಮಿಲಿಸೆಕೆಂಡಿನಲ್ಲಿ ನೆತ್ತಿಗೇರಿ ಇಳಿದುಬಿಡುತ್ತದೆ. ವಾಯ್ಸ್ ಕಾಯಿಲ್ ಅಷ್ಟರಲ್ಲಿ ಬಿಸಿಯಾಗುವುದಿಲ್ಲ. ಸ್ಪೀಕರಿನ ವ್ಯಾಟ್ ಗೊತ್ತುಮಾಡುವ ಎಇಎಸ್ ಪರೀಕ್ಷೆಯಲ್ಲಿ ಬಳಸುವ ಪಿಂಕ್ ನಾಯ್ಸ್‌ನ ಶಿಖರಗಳು ಆರ್‌ಎಂಎಸ್ ವೋಲ್ಟೇಜಿನ ಎರಡು ಪಟ್ಟು ಇರುತ್ತವೆ. ಎಂದರೆ ನಮ್ಮ ವೂಫರ್ 126 ವೋಲ್ಟಿನ ಶಿಖರಗಳನ್ನು ಎರಡು ಗಂಟೆ ತಾಳಿಕೊಂಡೇ ಆ 500 ವ್ಯಾಟ್ ಎನಿಸಿಕೊಂಡಿರುತ್ತದೆ. ಸೈನ್‌ನಲ್ಲಿ 63 ವೋಲ್ಟಿಗೆ ಕಟ್ಟಿದ ಲಿಮಿಟರ್ ಶಿಖರವನ್ನು 89 ವೋಲ್ಟಿಗೇ ಕತ್ತರಿಸುತ್ತದೆ. ಚೆಂಡೆಯ ಕಸುವು ಹೋಗುವುದು ಇಲ್ಲಿ, ಸುಮ್ಮಸುಮ್ಮನೆ.

ಗಣೇಶನ ಮೆರವಣಿಗೆಯ ಡಿಜೆ ಟ್ರ್ಯಾಕ್ ಇದಕ್ಕೆ ತದ್ವಿರುದ್ಧ. ಅದರ ಶಿಖರಗಳನ್ನು ಸ್ಟುಡಿಯೋದಲ್ಲೇ ಸವೆಸಿ ಕಳಿಸಿರುತ್ತಾರೆ. ಲಿಮಿಟರ್ ಅದುಮಿದಷ್ಟೂ ಆಪರೇಟರ್ ಫೇಡರ್ ಏರಿಸುತ್ತಾನೆ. ಶಿಖರ ನಿಂತಲ್ಲೇ ನಿಂತು ಸರಾಸರಿ ಮಾತ್ರ ಏರುತ್ತದೆ. ಮಿತಿಯೊಳಗೇ ಇದ್ದುಕೊಂಡು ಗಂಟೆಗಟ್ಟಲೆ ಕಾಯಿಲ್ ಬೇಯುತ್ತದೆ. ಮೈಕಿನ ಕೂಗು ಕೂಡ ಹೀಗೆಯೇ, ಟ್ವೀಟರಿಗೆ ಸೀದಾ ಸೈನ್ ಉಣಿಸಿದ ಹಾಗೆ. ಆರ್‌ಎಂಎಸ್ ಲಿಮಿಟರ್ ಇರುವ ಕಂಟ್ರೋಲರ್ ಕೊಳ್ಳಲಾಗದಿದ್ದರೆ ಎರಡು ಪ್ರೀಸೆಟ್ ಇಡುವುದು ಮೇಲು: ಡಿಜೆಗೆ 3 ಡೆಸಿಬಲ್ ತಗ್ಗಿಸಿದ್ದು, ಯಕ್ಷಗಾನದ ಆಟಕ್ಕೆ ಅಷ್ಟೇ ಸಡಿಲಿಸಿದ್ದು. ರಿಲೀಸನ್ನು ತೀರಾ ಚುರುಕಾಗಿಸುವ ಚಟವೂ ಬೇಡ. 40 ಹರ್ಟ್ಸ್‌ನ ಒಂದು ಅಲೆಗೇ 25 ಮಿಲಿಸೆಕೆಂಡ್ ಬೇಕು. 20ಕ್ಕೆ ಇಟ್ಟರೆ ಲಿಮಿಟರ್ ಅಲೆಯ ಆಕಾರವನ್ನೇ ಕೆಡಿಸಿ ಬೇಸ್ ಒಡಕಾಗುತ್ತದೆ.

ಪೋರ್ಟ್ ಇರುವ ಸಬ್‌ಗೆ ಇನ್ನೊಂದು ಕಂಟಕವಿದೆ. ಪೆಟ್ಟಿಗೆಯ ಟ್ಯೂನಿಂಗ್‌ಗಿಂತ ಕೆಳಗೆ ಕೋನಿಗೆ ಗಾಳಿಯ ಆಸರೆ ತಪ್ಪುತ್ತದೆ. 63 ವೋಲ್ಟಿನೊಳಗೇ ಅದು ಎಗರಿ ಹರಿಯಬಹುದು. ಇದಕ್ಕೆ ಮದ್ದು 24 ಡೆಸಿಬಲ್ ಇಳಿಜಾರಿನ ಹೈಪಾಸ್. ಆ ಫಿಲ್ಟರು ಇದೇ ಯಂತ್ರದಲ್ಲಿದೆ, ಎಷ್ಟೋ ಕಡೆ ಆಫ್ ಆಗಿಯೇ ಇರುತ್ತದೆ.