ಕೊಡು ಮತ್ತು ಕೊಡಿ: ಕರುಣ್ ನಾಯರ್ ಬರೆದ ಒಂದು ಸಾಲು

ಕ್ರಿಕೆಟಿಗರು ಸೋಶಿಯಲ್ ಮೀಡಿಯಾದಲ್ಲಿ ಬರೆಯುವುದನ್ನು ನಾವು ಬರಹವೆಂದು ಓದುವುದಿಲ್ಲ. ಓದುವಂಥದ್ದು ಅಲ್ಲಿ ಹೆಚ್ಚೇನೂ ಇರುವುದಿಲ್ಲ, ನಿಜ. ಗೆದ್ದ ದಿನ ಟ್ರೋಫಿಯ ಫೋಟೋ, ಸೋತ ದಿನ ಮತ್ತೆ ಪುಟಿದೇಳುವ ಮಾತು, ಹಬ್ಬಕ್ಕೊಂದು ಶುಭಾಶಯ, ನಡುನಡುವೆ ಜಾಹೀರಾತು. ಹೆಸರು ಮುಚ್ಚಿ ಓದಿದರೆ ಯಾರ ಖಾತೆಯೆಂದು ಹೇಳುವುದು ಕಷ್ಟ. ಅಭಿಮಾನಿಗಳ ಜೊತೆಗಿನ ನೇರ ನಂಟು ಎಂದು ಹೊಗಳಿಸಿಕೊಳ್ಳುವ ಈ ಮಾತುಗಳು ಬಹುಮಟ್ಟಿಗೆ ಯಾರೂ ಯಾರಿಗೂ ಆಡಿದ ಮಾತುಗಳಲ್ಲ.

ಆ ರಾಶಿಯಲ್ಲಿ ಒಂದು ಸಾಲು ಬೇರೆಯಾಗಿ ನಿಲ್ಲುತ್ತದೆ. 2022ರ ಡಿಸೆಂಬರ್ 10ರಂದು ಕರುಣ್ ನಾಯರ್ ಟ್ವಿಟರ್‌ನಲ್ಲಿ ಇಂಗ್ಲಿಷಿನಲ್ಲಿ ಬರೆದದ್ದು. ಕನ್ನಡಕ್ಕೆ ತಂದರೆ ಇಷ್ಟೇ: 'ಪ್ರಿಯ ಕ್ರಿಕೆಟ್, ನನಗೆ ಇನ್ನೊಂದು ಅವಕಾಶ ಕೊಡು.'

ಬರೆದವರು ಸಾಮಾನ್ಯ ಆಟಗಾರರಲ್ಲ. 2016ರ ಡಿಸೆಂಬರ್‌ನಲ್ಲಿ ಚೆನ್ನೈನ ಚೆಪಾಕ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದವರು. ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ ಭಾರತೀಯರಲ್ಲಿ ಸೆಹ್ವಾಗ್ ನಂತರ ಇವರೇ. ಮರುವರ್ಷದ ಮಾರ್ಚ್‌ಗೆ ಟೆಸ್ಟ್ ತಂಡದ ಬಾಗಿಲು ಮುಚ್ಚಿತ್ತು. ಈ ಸಾಲು ಬರೆಯುವ ಹೊತ್ತಿಗೆ ಕರ್ನಾಟಕದ ರಣಜಿ ತಂಡದಲ್ಲೂ ಅವರ ಹೆಸರಿರಲಿಲ್ಲ.

ಸಾಲನ್ನು ಅನುವಾದಿಸುವಾಗ ಕನ್ನಡ ನಮ್ಮನ್ನೊಂದು ಪ್ರಶ್ನೆ ಕೇಳುತ್ತದೆ. 'ಕೊಡು' ಎನ್ನಬೇಕೋ, 'ಕೊಡಿ' ಎನ್ನಬೇಕೋ? ಇಂಗ್ಲಿಷಿಗೆ ಈ ಕಷ್ಟವಿಲ್ಲ. 'ಕೊಡಿ' ಎಂದರೆ ಆಯ್ಕೆ ಸಮಿತಿಗೆ ಬರೆದ ಅರ್ಜಿ. 'ಕೊಡು' ಎಂದರೆ ಪ್ರಾರ್ಥನೆ. ನಮ್ಮ ವಚನಕಾರರೂ ದಾಸರೂ ದೇವರ ಹತ್ತಿರ ಬೇಡಿದ್ದು, ಜಗಳವಾಡಿದ್ದು ಎಲ್ಲ 'ನೀನು' ಎಂದೇ. ಕರುಣ್ ಕರೆದಿರುವುದು ಕ್ರಿಕೆಟ್ ಮಂಡಳಿಯನ್ನಲ್ಲ, ಕೋಚನ್ನಲ್ಲ, ಆಟವನ್ನು. ಹಾಗಾಗಿ ನನಗೆ 'ಕೊಡು' ಎಂಬುದೇ ಸರಿ ಅನ್ನಿಸುತ್ತದೆ.

ಸಾಲಿನ ಬಲ ಅದು ಬಿಟ್ಟಿರುವ ಮಾತುಗಳಲ್ಲೂ ಇದೆ. ತ್ರಿಶತಕದ ಪ್ರಸ್ತಾಪವಿಲ್ಲ, ಕೈಬಿಟ್ಟವರ ಮೇಲೆ ದೂರಿಲ್ಲ. ಮುಖ್ಯವಾಗಿ, ಅಭಿಮಾನಿಗಳೇ ಇಲ್ಲ. ನಮ್ಮನ್ನು ಕರೆಯದ ಮಾತು ಎಂಬ ಕಾರಣಕ್ಕೇ ನಾವು ನಿಂತು ಕೇಳಿಸಿಕೊಂಡೆವು. ಸ್ವಮರುಕ ಇಲ್ಲವೇ ಎಂದರೆ, ಇದೆ. ಆದರೆ ಎಳೆದು ಬೆಳೆಸಿದ್ದಲ್ಲ, ಒಂದೇ ಸಾಲಿಗೆ ನಿಲ್ಲಿಸಿದ್ದು.

ಇಷ್ಟೇ ಚುಟುಕಾದ ಇನ್ನೊಂದು ಉದಾಹರಣೆ ಹನುಮ ವಿಹಾರಿಯವರದು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ತೊಡೆಯ ಸ್ನಾಯು ನೋವಿನಲ್ಲೇ 161 ಎಸೆತ ಎದುರಿಸಿ ಅಜೇಯ 23 ರನ್ ಗಳಿಸಿ ಟೆಸ್ಟ್ ಉಳಿಸಿದಾಗ, ಕೇಂದ್ರ ಸಚಿವರೊಬ್ಬರು ಆ ಆಟವನ್ನು ಹೀಗಳೆದು, ಹೆಸರನ್ನು 'ಬಿಹಾರಿ' ಎಂದು ಬರೆದರು. ವಿಹಾರಿ ವಾದಕ್ಕಿಳಿಯದೆ ತಮ್ಮ ಹೆಸರನ್ನಷ್ಟೇ ತಿದ್ದಿ ಬರೆದರು. ಅಲ್ಲಿಗೆ ಮುಗಿಯಿತು. ಆ ಉತ್ತರಕ್ಕೆ ಎದುರಾಳಿ ಇದ್ದರು, ಕರುಣ್ ಸಾಲಿಗೆ ಇರಲಿಲ್ಲ. ಅದಕ್ಕೇ ಇದು ಮುಗಿಯಲಿಲ್ಲ.

ಮುಂದೆ ಆದದ್ದನ್ನು ಹೇಳುವಾಗ ಎಲ್ಲರೂ ಟ್ವೀಟಿನಿಂದ ನೇರ ಟೆಸ್ಟ್ ತಂಡಕ್ಕೆ ಜಿಗಿಯುತ್ತಾರೆ. ನಡುವೆ ಎರಡೂವರೆ ವರ್ಷವಿತ್ತು. 2023ರಲ್ಲಿ ಕರುಣ್ ಕರ್ನಾಟಕ ಬಿಟ್ಟು ವಿದರ್ಭ ಸೇರಿದರು. ನಾರ್ಥಾಂಪ್ಟನ್‌ಶೈರ್ ಕೌಂಟಿಗೆ ಆಡಿ ದ್ವಿಶತಕ ಹೊಡೆದರು. 2024-25ರ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, 779 ರನ್. ಫೈನಲ್‌ನಲ್ಲಿ ಅವರ ನಾಯಕತ್ವದ ವಿದರ್ಭವನ್ನು ಸೋಲಿಸಿದ್ದು ಕರ್ನಾಟಕವೇ. ಅದೇ ಋತುವಿನ ರಣಜಿಯಲ್ಲಿ 863 ರನ್, ಕೇರಳದ ವಿರುದ್ಧದ ಫೈನಲ್‌ನಲ್ಲಿ 86 ಮತ್ತು 135, ವಿದರ್ಭಕ್ಕೆ ಟ್ರೋಫಿ. ಊರಲ್ಲಿ ಜಾಗವಿಲ್ಲದಾಗ ಕೆಲಸ ಸಿಗುವ ಕಡೆ ಹೋಗಿ, ಅಲ್ಲಿಯವರಾಗಿ ದುಡಿಯುವುದು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾದ ಕತೆಯಲ್ಲ. ಆದರೆ ಈ ದುಡಿಮೆಗೆ ಒಂದು ಸಾಲಿನಷ್ಟು ಓಡುವ ಶಕ್ತಿ ಇಲ್ಲ. ಬೇಡಿಕೆ ಫೋನಿನಿಂದ ಫೋನಿಗೆ ಹೋಗುತ್ತದೆ, ನಾಗಪುರದ ಬಿಸಿಲಲ್ಲಿ ದಿನವಿಡೀ ಆಡಿದ ಆಟ ಹೋಗುವುದಿಲ್ಲ. ಸಾಲು ಅಷ್ಟು ಚೆನ್ನಾಗಿದ್ದದ್ದೇ ಒಂದು ತೊಡಕಾಯಿತು. ಕೇಳಿದ, ಸಿಕ್ಕಿತು ಎಂಬ ಪವಾಡದ ಕತೆಯೊಂದು ಹುಟ್ಟಿಕೊಂಡಿತು.

2025ರ ಜೂನ್‌ನಲ್ಲಿ ಹೆಡಿಂಗ್ಲಿಯಲ್ಲಿ ಅವರು ಮತ್ತೆ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್ ಸೊನ್ನೆ. ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ 205 ರನ್, ಓವಲ್‌ನಲ್ಲಿ ಒಂದು ಅರ್ಧಶತಕ. ಆಗ ಅದೇ ಸಾಲನ್ನು ಅವರತ್ತಲೇ ತಿರುಗಿಸಿದರು: ಪ್ರಿಯ ಕರುಣ್, ಕ್ರಿಕೆಟ್ ಅವಕಾಶ ಕೊಟ್ಟಿತಲ್ಲ, ನೀನೇನು ಮಾಡಿದೆ? 205 ರನ್ ಸಾಲದು ಎನ್ನುವುದು ನ್ಯಾಯವಾದ ವಿಮರ್ಶೆ. ನಾನೂ ಒಪ್ಪುತ್ತೇನೆ. ಆದರೆ ಒಬ್ಬನ ಪ್ರಾರ್ಥನೆಯನ್ನೇ ಎತ್ತಿಕೊಂಡು ಅವನನ್ನು ಹಂಗಿಸುವುದು ವಿಮರ್ಶೆಯಲ್ಲ. ಪತ್ರ ಬರೆದದ್ದು ಕ್ರಿಕೆಟ್‌ಗೆ. ನಾವು ಒಡೆದು ಓದಿ, ಕ್ರಿಕೆಟ್ಟಿನ ಪರವಾಗಿ ಉತ್ತರವನ್ನೂ ಬರೆದೆವು. ಕೊಟ್ಟವರು ನಾವೇ ಎಂಬಂತೆ ಲೆಕ್ಕವನ್ನೂ ಕೇಳಿದೆವು.

ಆಟಗಾರ ಮನಬಿಚ್ಚಿ ಮಾತಾಡಲಿ ಎಂದು ನಾವೇ ಬಯಸುತ್ತೇವೆ. ಯಾರೋ ಬರೆದುಕೊಟ್ಟಂಥ ಸಪ್ಪೆ ಮಾತುಗಳನ್ನು ನಾವೇ ಗೇಲಿ ಮಾಡುತ್ತೇವೆ. ಕರುಣ್ ಸಾಲಿಗೆ ಆದದ್ದನ್ನು ನೋಡಿದ ಇಪ್ಪತ್ತರ ಹರೆಯದ ಆಟಗಾರನೊಬ್ಬ ಮುಂದಿನ ಸಲ ಏನು ಬರೆದಾನು? ಟ್ರೋಫಿಯ ಫೋಟೋ ಹಾಕುತ್ತಾನೆ, ಹಬ್ಬಕ್ಕೆ ಶುಭಾಶಯ ಕೋರುತ್ತಾನೆ, ಸುಮ್ಮನಾಗುತ್ತಾನೆ. ಆ ಸಪ್ಪೆತನದಲ್ಲಿ ನಮ್ಮ ಪಾಲೂ ಇದೆ.