ಕೆರೆಯ ಏರಿಯಿಂದ ಕಂಡ ಹೊಯ್ಸಳ ವಾಸ್ತು

ಹೊಯ್ಸಳ ದೇವಾಲಯಗಳಲ್ಲಿ ಕೆತ್ತನೆಯುಂಟು, ವಾಸ್ತುವಿಲ್ಲ; ಅವು ಕಲ್ಲಿನಲ್ಲಿ ನಡೆದ ಅಕ್ಕಸಾಲೆಯ ಕೆಲಸ ಎಂಬ ತೀರ್ಪು ಗ್ರಂಥದಿಂದ ಗ್ರಂಥಕ್ಕೆ ದಾಟಿ ಬಂದಿದೆ. ಪಾಶ್ಚಾತ್ಯ ಪಂಡಿತರು ಕೊರತೆಯೆಂದು ಸೂಚಿಸಿದುದನ್ನೇ ನಮ್ಮವರು ಹಿರಿಮೆಯೆಂದು ಹೊತ್ತು ಮೆರೆಸುತ್ತಿರುವುದು ನನಗೆ ಆ ತೀರ್ಪಿಗಿಂತಲೂ ಹೆಚ್ಚಿನ ಅಸಹನೆಯನ್ನುಂಟುಮಾಡುತ್ತದೆ. ಫರ್ಗೂಸನ್ನರು ಹಳೇಬೀಡನ್ನು ಗ್ರೀಸಿನ ಪಾರ್ಥೆನಾನಿನ ಎದುರಿಗಿರಿಸಿ, ಇವೆರಡೂ ವಾಸ್ತುಕಲೆಯ ಎರಡು ತುದಿಗಳೆಂದು ಬರೆದುದು ಉದಾರವಾದ ಮಾತೇ. ಆದರೆ ಸಂಯಮವೆಲ್ಲ ಅವರ ಪಾಲಿಗೆ, ಸಮೃದ್ಧಿಯೆಲ್ಲ ನಮ್ಮ ಪಾಲಿಗೆ ಎಂದು ಹಂಚಿಕೆಯಾದ ಬಳಿಕ, ಹೊಯ್ಸಳ ಶಿಲ್ಪಿಗೆ ಸಂಯಮವೂ ತಿಳಿದಿತ್ತೆಂದು ಹೇಳುವವರು ಇಲ್ಲವಾದರು.

ಕಟ್ಟಡವೊಂದನ್ನು ಕಲಾಕೃತಿಯೆಂದು ಬೆಲೆಗಟ್ಟಬೇಕಾದರೆ ಮೊದಲು ಅದರಿಂದ ದೂರ ಸರಿದು ನಿಲ್ಲಬೇಕು. ಅದು ನೆಲದಿಂದ ಹೇಗೆ ಏಳುತ್ತದೆ, ಆಕಾಶದಲ್ಲಿ ಹೇಗೆ ಮುಗಿಯುತ್ತದೆ, ನೀರು ಮರ ಹೊಲಗಳ ನಡುವೆ ಅಲ್ಲಿಯದೇ ಆಗಿ ತೋರುತ್ತದೆಯೋ ಇಲ್ಲವೋ ಎಂಬುದನ್ನು ಕಂಡ ಮೇಲಲ್ಲವೇ ಮದನಿಕೆಯ ಬಳೆಗಳ ಮಾತು? ಬೇಲೂರಿನ ಗರ್ಭಗೃಹದ ಮೇಲಿದ್ದ ಶಿಖರವನ್ನು 1879ರಲ್ಲಿ ಇಳಿಸಿಬಿಟ್ಟರು. ಹಳೇಬೀಡಿನ ಹೊಯ್ಸಳೇಶ್ವರನಿಗೆ ಇಂದು ಶಿಖರವೇ ಇಲ್ಲ. ಶಿರವಿಲ್ಲದ ಎರಡು ದೇಹಗಳ ಆಭರಣಗಳನ್ನೆಣಿಸಿ, ಈ ಪರಂಪರೆಗೆ ಆಭರಣದ ಹೊರತು ಬೇರೇನೂ ತಿಳಿಯದೆಂದು ನಿರ್ಣಯಿಸುವುದು ಯಾವ ನ್ಯಾಯ?

ನನ್ನ ಸಾಕ್ಷಿ ದೊಡ್ಡಗದ್ದವಳ್ಳಿ. ವಿಷ್ಣುವರ್ಧನನ ಆಳ್ವಿಕೆಯಲ್ಲಿ, ಬೇಲೂರಿನ ಚೆನ್ನಕೇಶವನಿಗಿಂತ ಮೊದಲೇ, 1113ರ ಸುಮಾರಿಗೆ, ಕುಲ್ಲಹಣ ರಾಹುತನೆಂಬ ವರ್ತಕನೂ ಅವನ ಮಡದಿ ಸಹಜಾದೇವಿಯೂ ಕಟ್ಟಿಸಿದ ಈ ಲಕ್ಷ್ಮೀದೇವಿಯ ಗುಡಿಗೆ ಅರಸನ ವೈಭವವನ್ನು ಸಾರುವ ಹೊಣೆಯಿರಲಿಲ್ಲ. ಎತ್ತರದ ಜಗತಿ ಇಲ್ಲಿಲ್ಲ. ಗುಡಿ ನೆಲದ ಮೇಲೆಯೇ ನಿಂತಿದೆ. ನಾಲ್ಕು ಗರ್ಭಗೃಹಗಳು ಒಂದರೊಡನೊಂದು ಕೂಡಿಕೊಂಡಿದ್ದು, ಮೂರರ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಏರುವ ನಿರಾಭರಣವಾದ ಕದಂಬ ಶೈಲಿಯ ಶಿಖರಗಳಿವೆ. ದೇವಿಯದರ ಮೇಲೆ ಮಾತ್ರ ಕೆತ್ತನೆ ಹೆಚ್ಚಿದೆ. ಪ್ರಾಕಾರದ ಮೂಲೆಗಳಲ್ಲಿರುವ ನಾಲ್ಕು ಕಿರುಗುಡಿಗಳು ಅದೇ ರೂಪವನ್ನು ತಗ್ಗಿದ ದನಿಯಲ್ಲಿ ಮರುನುಡಿಯುತ್ತವೆ. ಗೋಡೆಗಳಲ್ಲಿ ವಿಗ್ರಹಗಳ ಸಂತೆಯಿಲ್ಲ. ಅರೆಗಂಬಗಳು, ಅವುಗಳ ಮೇಲೆ ಪುಟ್ಟ ಶಿಖರಗಳು, ನಡುವೆ ಬರಿಯ ಕಲ್ಲು. ಆ ಬರಿಯ ಕಲ್ಲಿನಿಂದಲೇ ಅರೆಗಂಬಕ್ಕೆ ಬೆಲೆ ಬಂದಿದೆ.

ಕೆರೆಯ ಕಡೆಯಿಂದ ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ತೆಂಗಿನ ಮರಗಳು ನೆಟ್ಟನೆ ಮೇಲೇರುತ್ತವೆ, ನೀರು ಅಡ್ಡಲಾಗಿ ಹರಡಿದೆ. ಇವೆರಡರ ನಡುವೆ ಅಡ್ಡಗೆರೆಗಳಿಂದಲೇ ಮೇಲೇರುವ ಈ ಶಿಖರಗಳು ಎರಡನ್ನೂ ಒಂದಾಗಿ ಬೆಸೆಯುತ್ತವೆ. ಇಳಿಹೊತ್ತಿನ ಬಿಸಿಲಿನಲ್ಲಿ ಮೆಟ್ಟಿಲು ಮೆಟ್ಟಿಲಿಗೂ ನೆರಳು ಬಿದ್ದು, ಬಳಪದ ಕಲ್ಲು ಹಸಿಮಣ್ಣಿನ ಬಣ್ಣಕ್ಕೆ ತಿರುಗಿದಾಗ, ಗುಡಿಯನ್ನು ಯಾರೋ ತಂದಿಟ್ಟರೆಂದು ತೋರುವುದಿಲ್ಲ, ಆ ಊರಿನ ನೆಲವೇ ಒಂದಿಷ್ಟು ಮೇಲೆದ್ದು ನಿಂತಿತೆಂದು ತೋರುತ್ತದೆ. ಒಳಗೆ ಹೊಕ್ಕರೆ ಲಕ್ಷ್ಮಿಯಿರುವ ಸೂರಿನಡಿಯಲ್ಲಿಯೇ ಕಾಳಿಯೂ ಇದ್ದಾಳೆ. ಅವಳ ಬಾಗಿಲಿನ ಇಕ್ಕೆಲದಲ್ಲಿ ಎಲುಬುಗೂಡಿನ ಬೇತಾಳಗಳು. ಹೊರಗಿನ ಶಾಂತಿ ದುರ್ಬಲರ ಶಾಂತಿಯಲ್ಲವೆಂಬುದು ಅಲ್ಲಿ ಅರಿವಾಗುತ್ತದೆ.

ಸೋಮನಾಥಪುರಕ್ಕೆ ಮೂರು ಶಿಖರಗಳೂ ಉಳಿದಿವೆಯಲ್ಲವೇ ಎಂದು ಕೇಳುವವರುಂಟು. ಉಳಿದಿವೆ, ಸುಂದರವೂ ಆಗಿವೆ. ಆದರೆ ಅದು ಸುತ್ತಲಿನ ಕೈಸಾಲೆಯೊಳಗೆ ತನ್ನನ್ನು ತಾನೇ ನೋಡಿಕೊಂಡು ನಿಂತ ಸೌಂದರ್ಯ. ಊರಿನ ಬಯಲಿಗೆ ಅದು ಬೆನ್ನು ಮಾಡಿದೆ. ನನ್ನ ಮನಸ್ಸು ಅಲ್ಲಿ ಮಣಿಯುತ್ತದೆ, ನೆಲೆಸುವುದಿಲ್ಲ.

ಈ ಜಗಳ ಕಲ್ಲಿಗಷ್ಟೇ ಸೀಮಿತವಾದುದಲ್ಲ. ಎಷ್ಟು ಸೂಕ್ಷ್ಮವಾಗಿ ಕೊರೆದಿದೆ, ಎಷ್ಟು ಸಾವಿರ ಆನೆಗಳಿವೆ ಎಂದು ಎಣಿಸುವ ಕಣ್ಣೇ ಕಾವ್ಯದಲ್ಲಿಯೂ ಬಂಧಗಳನ್ನೆಣಿಸಿ ರಸವನ್ನು ಕೈಬಿಡುತ್ತದೆ. ಹಳೆಯ ಗುಡಿಯ ಮುಂದೆ ಸಿಮೆಂಟಿನ ಕಮಾನನ್ನು ನಿಲ್ಲಿಸಿ, ಎಣ್ಣೆಬಣ್ಣ ಬಳಿದು, ಊರಿಗೆ ಶೋಭೆ ಬಂದಿತೆಂದು ಸಂತೋಷಪಡುವ ಅಭಿರುಚಿಯೂ ಇದರ ಒಡಹುಟ್ಟು. ಔಚಿತ್ಯವಿಲ್ಲದೆ ಅಲಂಕಾರ ಅಲಂಕಾರವೇ ಆಗಲಾರದೆಂದು ಕ್ಷೇಮೇಂದ್ರನು ವಾದಿಸಿದ ದೇಶದಲ್ಲಿ, ಇದ್ದೆಡೆಗೆ ಒಪ್ಪುವುದೇ ಕಟ್ಟಡದ ಮೊದಲ ಗುಣವೆಂದು ಹೇಳಲು ಇಷ್ಟು ಮಾತು ಬೇಕಾಯಿತು.

2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಆ ಗೌರವ ಸಲ್ಲತಕ್ಕದ್ದೇ. ಹಾಸನದಿಂದ ಬೇಲೂರಿಗೆ ಹೋಗುವ ಓದುಗರಲ್ಲಿ ನನ್ನದೊಂದು ಬಿನ್ನಹ: ದಾರಿಯಲ್ಲಿ ದೊಡ್ಡಗದ್ದವಳ್ಳಿಗೆ ತಿರುಗಿ, ಗುಡಿಯ ಬಾಗಿಲಿಗೆ ಹೋಗುವ ಮುನ್ನ ಕೆರೆಯ ಏರಿಯ ಮೇಲೆ ಅರ್ಧ ಗಂಟೆ ನಿಲ್ಲಿ.