ಚಿಕ್ಕದೇವರಾಜ ವಂಶಾವಳಿಯೂ ಯದುಕುಲವೂ

ಶ್ರೀರಂಗಪಟ್ಟಣದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರಿಗೆ (1673–1704) ಮಂತ್ರಿಯಾಗಿದ್ದ ತಿರುಮಲಾರ್ಯನ ‘ಚಿಕ್ಕದೇವರಾಜ ವಂಶಾವಳಿ’ಯನ್ನು ಕೆಲವರು ಚರಿತ್ರೆಯೆಂದೇ ಓದುವರು; ಕೆಲವರು ಬರಿಯ ರಾಜಸ್ತುತಿಯೆಂದು ಬದಿಗಿಡುವರು. ಇವೆರಡರಿಂದಲೂ ಗ್ರಂಥಕ್ಕೆ ನ್ಯಾಯವೊದಗಿದಂತೆ ತೋರುವುದಿಲ್ಲ.

ಒಡೆಯರು ಯದುಕುಲದವರೆಂಬುದು ಗ್ರಂಥದ ಮೂಲಪ್ರತಿಜ್ಞೆ. ಯದುರಾಯನು ದ್ವಾರಕೆಯಿಂದ ಬಂದು 1399ರಲ್ಲಿ ಮೈಸೂರಿಗೆ ಒಡೆಯನಾದನೆಂಬುದು ಅರಮನೆಯ ಸಂಪ್ರದಾಯ. ಆದರೆ ಈ ಕುಲನಾಮವು ನಾಡಿಗೆ ಹೊಸದಲ್ಲ. ಹೊಯ್ಸಳರು ಶಾಸನಗಳಲ್ಲಿ ತಮ್ಮನ್ನು ಯಾದವರೆಂದೂ ದ್ವಾರಾವತೀಪುರವರಾಧೀಶ್ವರರೆಂದೂ ಕರೆದುಕೊಂಡರು. ದೇವಗಿರಿಯ ಸೇವುಣರೂ ವಿಜಯನಗರದ ಸಂಗಮವಂಶದವರೂ ಅದೇ ಕುಲವನ್ನು ಹೇಳಿಕೊಂಡರು. ನಾಲ್ಕು ಮನೆತನಗಳೂ ಒಂದೇ ಬೇರಿನವೆಂದು ನಂಬುವುದಕ್ಕಿಂತ, ಸಿಂಹಾಸನದ ಬೆನ್ನಹಿಂದೆ ಕುಲವೂ ನಡೆದುಬಂದಿತೆಂದು ಊಹಿಸುವುದು ಲೇಸು.

ಈ ಊಹೆಗೆ ಸ್ಥಳವೂ ಒತ್ತಾಸೆಯಾಗಿದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಗೆ ಯದುಗಿರಿ, ಯಾದವಗಿರಿ ಎಂಬ ಹೆಸರುಗಳುಂಟು. (ಕುಲವು ಬೆಟ್ಟದಿಂದಲೂ ಇಳಿದುಬರಬಹುದಷ್ಟೆ!) ವಿಜಯನಗರದ ಪ್ರತಿನಿಧಿಯಾದ ತಿರುಮಲನ ಕೈಯಿಂದ 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದ ರಾಜ ಒಡೆಯರು, ಆ ಬೆಟ್ಟದ ಚೆಲುವನಾರಾಯಣನಿಗೆ ರಾಜಮುಡಿಯೆಂಬ ಕಿರೀಟವನ್ನೊಪ್ಪಿಸಿದರು. ಸಾಮಂತನು ಪ್ರಭುವಿನ ಪೀಠವನ್ನೇರಿದಾಗ ಕತ್ತಿಯಿಂದ ನಗರ ದೊರೆತೀತು; ನೆರೆಯ ಪಾಳೆಯಗಾರರು ತಲೆಬಾಗಬೇಕಾದರೆ ವಂಶದ ಹಿರಿಮೆಯೂ ಬೇಕು. ಶ್ರೀವೈಷ್ಣವನಾದ ತಿರುಮಲಾರ್ಯನಿಗೆ ಯದುಕುಲವು ರಾಜನೀತಿಯೂ ಹೌದು, ಭಕ್ತಿಯೂ ಹೌದು. ಆತನ ಪ್ರೌಢಗದ್ಯದಲ್ಲಿ ಇವೆರಡನ್ನೂ ಬಿಡಿಸಿ ತೆಗೆಯುವುದು ಸುಲಭವಲ್ಲ.

ಆದುದರಿಂದ 1399ರ ಸಂಗತಿಗೆ ಈ ಗ್ರಂಥವನ್ನು ಸಾಕ್ಷಿಗೆ ಕರೆಯುವುದು ಸಲ್ಲದು: ನಡುವೆ ಸುಮಾರು ಮುನ್ನೂರು ವರ್ಷಗಳಿವೆ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಪಟ್ಟಣದ ಆಸ್ಥಾನವು ತನ್ನನ್ನು ಹೇಗೆ ಭಾವಿಸಿಕೊಂಡಿತ್ತೆಂಬುದಕ್ಕಾದರೋ ಇದಕ್ಕಿಂತ ಹತ್ತಿರದ ಸಾಕ್ಷಿ ವಿರಳ. ತರಗತಿಯಲ್ಲಿ ಇದನ್ನು ಪಾಠಹೇಳುವವರು ಹೊಯ್ಸಳಶಾಸನಗಳ ವಂಶವರ್ಣನೆಯನ್ನು ಪಕ್ಕದಲ್ಲಿಟ್ಟುಕೊಂಡು ಓದಿಸಿದರೆ, ಎರವಲು ಯಾವುದು, ತಿರುಮಲಾರ್ಯನ ಸ್ವಂತದ್ದು ಯಾವುದು ಎಂಬುದು ವಿದ್ಯಾರ್ಥಿಗಳಿಗೇ ಗೋಚರಿಸುವುದು.